ನನ್ನ ಮೂಗು, ಅವಳ ಭರಣಿ

ನನ್ನ ಮೂಗಿನ ಬಗ್ಗೆ ನನಗೆ ಬಹಳ ಜಂಬವಿತ್ತು. ಹತ್ತು ಮಾರು ದೂರದಲ್ಲಿ ನಿಂತು ಯಾರ ಮನೆಯಲ್ಲಿ ಯಾವ ಸಾರು ಕುದಿಯುತ್ತಿದೆ ಎಂದು ಹೇಳುತ್ತಿದ್ದೆ. ಹಾಲು ಒಡೆಯುವುದಕ್ಕೆ ಮೊದಲೇ "ಇದು ಒಡೀತದೆ" ಅಂದು ಅವ್ವನ ಕೈಲಿ ಬೈಸಿಕೊಂಡಿದ್ದೇನೆ. ನಾನು ಬಾಯಿಬಿಟ್ಟಿದ್ದರಿಂದಲೇ ಒಡೆಯಿತು ಎಂಬುದು ಅವಳ ವಾದ. ಇಂಥ ಮೂಗು ಇಟ್ಟುಕೊಂಡವನು ಸಂಪಾಜೆ ಕಡೆಯ ಹೆಣ್ಣನ್ನು ಮದುವೆಯಾಗುವ ಮುಂಚೆ ಎರಡು ಸಲ ಯೋಚಿಸಬೇಕಿತ್ತು. ನಾನು ಒಂದು ಸಲವೂ ಯೋಚಿಸಲಿಲ್ಲ. ಹೆಣ್ಣು ನೋಡಲು ಹೋದ ದಿನ ಅವರ ಮನೆಯಲ್ಲಿ ಹಲಸಿನ ಹಣ್ಣಿನ ಕಡುಬು ಬೇಯುತ್ತಿತ್ತು. ಆ ಘಮಕ್ಕೆ ಮೋಸ ಹೋದೆ ಎಂದು ಆಮೇಲೆ ಎಷ್ಟೋ ಸಲ ಅವಳ ಮುಂದೆಯೇ ಹೇಳಿದ್ದೇನೆ.

ಆಗ ಕೊಡಗೇ ಒಂದು ರಾಜ್ಯ. ನಮ್ಮ ಸರ್ಕಾರ, ನಮ್ಮ ಮಂತ್ರಿಗಳು ಎಲ್ಲ ಮಡಿಕೇರಿಯಲ್ಲೇ. ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ರಾಜ್ಯ, ಸಂಪಾಜೆಯ ಘಟ್ಟ ಇಳಿದು ಮುಂದೆ ಹೋದರೆ ಮದ್ರಾಸು ರಾಜ್ಯ. ಹಾಸನದ ಕಡೆಯಿಂದ ಬಂದು ಹೊಲ ಮಾಡಿಕೊಂಡ ನಮ್ಮ ಮನೆಯವರು ಒಂದು ಗಡಿಯಲ್ಲಿ, ಅವಳ ತವರಿನವರು ಇನ್ನೊಂದು ಗಡಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಹೊತ್ತು ಮುಳುಗುವುದರೊಳಗೆ ರಾಜ್ಯವನ್ನೇ ದಾಟಿಬಿಡಬಹುದಿತ್ತು. ಆದರೆ ಆ ಗಡಿಯ ಒಲೆಗೂ ಈ ಗಡಿಯ ಒಲೆಗೂ ಮುಖಪರಿಚಯವೂ ಇರಲಿಲ್ಲ. ಅವರೂ ಗೌಡರು, ನಾವೂ ಗೌಡರು, ಇನ್ನೇನು ಬೇಕು ಎಂದು ನಮ್ಮ ದೊಡ್ಡಪ್ಪ ಸಂಬಂಧ ಕುದುರಿಸಿದರು. ಅವರು ವರ್ಷಾನುಗಟ್ಟಲೆ ಘಟ್ಟದ ಮೇಲೆ ಕೆಳಗೆ ಗಾಡಿ ಹೊಡೆದವರು. ಇಳಿಯುವಾಗ ಬೆಲ್ಲ, ರಾಗಿ. ಏರುವಾಗ ಉಪ್ಪು, ಒಣಮೀನು. ಅವರ ಮೂಗು ಯಾವತ್ತೋ ಸತ್ತುಹೋಗಿತ್ತು, ಅವರನ್ನು ನಂಬಿದ್ದು ನನ್ನ ತಪ್ಪು.

ನಾನು ನೆಲ್ಯಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಸಣ್ಣ ರೈಟರಾಗಿದ್ದೆ, ಅಂದರೆ ಲೆಕ್ಕ ಬರೆದು ಆಳು ನೋಡಿಕೊಳ್ಳುವವನು. ಹೊಳೆಯಿಂದ ಒಂದು ಕೂಗಳತೆ ದೂರದಲ್ಲಿ ನನಗೊಂದು ಹೆಂಚಿನ ಮನೆ ಕೊಟ್ಟಿದ್ದರು. ಎರಡು ಕೋಣೆ, ಹಿಂದೆ ಅಡುಗೆಮನೆ, ಅದರ ಹಿಂದೆ ನಾಲ್ಕು ಹೆಜ್ಜೆ ದೂರಕ್ಕೆ ಕಾಫಿಯ ಗೋಡೌನು. ಎಡಗಡೆ ಇಳಿಜಾರಿನಲ್ಲಿ ಪಲ್ಪರ್ ಮನೆ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆಯುವ ಜಾಗ. ಬಲಗಡೆ ಆಳುಗಳ ಸಾಲುಮನೆ, ಅಂದರೆ ಲೈನು. ಹೊಸ ಹೆಂಡತಿ ಆ ಮನೆಗೆ ಬಂದಾಗ ಅವಳ ಜೊತೆ ಒಂದು ಟ್ರಂಕು, ಒಂದು ಚಾಪೆ, ಕುಚ್ಚಲಕ್ಕಿಯ ಒಂದು ಮುಡಿ ಮತ್ತು ಮೊಣಕಾಲೆತ್ತರದ ಒಂದು ಮಣ್ಣಿನ ಭರಣಿ ಬಂದವು. ಭರಣಿ ಖಾಲಿಯಿತ್ತು. ಮಳೆಗಾಲ ಬರಲಿ ಅಂತ ಕಾಯ್ತಾ ಉಟ್ಟು ಅಂದಳು. ನಮ್ಮ 'ಇದೆ' ಅವರ ಬಾಯಲ್ಲಿ 'ಉಟ್ಟು'. ಕೇಳುವುದಕ್ಕೆ ಚೆನ್ನಾಗಿತ್ತು, ನಾನೂ ನಕ್ಕೆ.

ಮಳೆಗಾಲ ಬಂತು. ಹೊಳೆಯಂಚಿನ ಬಿದಿರು ಮೆಳೆಯಲ್ಲಿ ಎಳೆ ಮೊಳಕೆ, ಅಂದರೆ ಕಣಿಲೆ, ಎದ್ದಿತು. ಲೈನಿನ ಹೆಂಗಸರ ಜೊತೆ ಹೋಗಿ ಒಂದು ಕುಕ್ಕೆ ತುಂಬ ತಂದಳು. ಸಿಪ್ಪೆ ಸುಲಿದು, ಸಣ್ಣಗೆ ಕೊಚ್ಚಿ, ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಕೊನೆಗೆ ಉಪ್ಪು ಬೆರೆಸಿ ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಬಿಗಿದಳು. ಮೂರನೆಯ ದಿನ ನಾನು ಆಫೀಸಿನಿಂದ ಬಂದು ಬಾಗಿಲಲ್ಲೇ ನಿಂತುಬಿಟ್ಟೆ.

"ಏನೇ ಇದು ನಾತ? ಹೆಗ್ಗಣ ಏನಾರ ಸತ್ತದಾ ನೋಡು."

"ಹೆಗ್ಗಣ ಅಲ್ಲ, ಕಣಿಲೆ. ಹುಳಿ ಬರ್ತಾ ಉಟ್ಟು."

"ಇದನ್ನ ತಿಂತಾರಾ?"

"ತಿಂದು ನೋಡಿ, ಆಮೇಲೆ ಕೇಳಿ."

ನಾನು ತಿಂದು ನೋಡಲಿಲ್ಲ. ನೋಡಿದ್ದರೆ ಈ ಕಥೆ ಇಷ್ಟು ಉದ್ದವಾಗುತ್ತಿರಲಿಲ್ಲ.

ಕಣಿಲೆಯ ಜೊತೆಗೆ ಒಣಮೀನೂ ಬಂತು. ಅವಳ ತವರಿನಿಂದ ಬಸ್ಸಿನ ಮೇಲೆ ಹಾಕಿ ಕಳಿಸಿದ ಒಂದು ಗಂಟು. ಕೆಂಡದ ಮೇಲೆ ಅದನ್ನು ಸುಟ್ಟು, ಕಾಯಿ, ಒಣಮೆಣಸಿನಕಾಯಿ, ಈರುಳ್ಳಿ ಹಾಕಿ ಅರೆದು ಗಂಜಿಗೆ ನಂಜಿಕೊಳ್ಳುವುದು. ಸುಡುವ ಹೊತ್ತಿಗೆ ಆ ಹೊಗೆ ಮಾಡಿನ ಹೆಂಚಿನ ಸಂದಿಗೂ ಹೊಕ್ಕು, ನನ್ನ ಅಂಗಿಗೂ ಹೊಕ್ಕು, ಆಫೀಸಿನ ಮೇಜಿನವರೆಗೂ ನನ್ನ ಜೊತೆ ಬರುತ್ತಿತ್ತು. ನಾನು ಮಾಡದ ಉಪಾಯವಿಲ್ಲ. ಸಾಂಬ್ರಾಣಿ ಹಾಕಿದೆ. ಒಣಮೀನಿಗೆ ಸಾಂಬ್ರಾಣಿ ಸೇರಿ ಹುಟ್ಟಿದ ಮೂರನೆಯ ವಾಸನೆಗೆ ಇಬ್ಬರೂ ಮನೆಬಿಟ್ಟು ಜಗುಲಿಗೆ ಓಡಿಬಂದೆವು. ಕಿಟಕಿ ತೆಗೆದಿಟ್ಟರೆ ಮಳೆ ಒಳಗೆ ಬಂತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತರೆ ಅವಳು ನಗುತ್ತ ಹಿಟ್ಟು ರುಬ್ಬುವ ಗುಂಡನ್ನೇ ಕೈಬಿಟ್ಟಳು.

ಅವಳೇನು ಸುಮ್ಮನಿರುವವಳಲ್ಲ. ನಮ್ಮ ಊರಿನಿಂದ ಅವ್ವ ಕಳಿಸಿದ ಹುಚ್ಚೆಳ್ಳೆಣ್ಣೆಯ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು, ಗಾಣದ ಎತ್ತಿನ ಬೆನ್ನು ಮೂಸಿದ ಹಾಗೆ ಉಟ್ಟು, ಇದರಲ್ಲಿ ಒಗ್ಗರಣೆ ಹಾಕಿ ನನಗೆ ಬುದ್ಧಿ ಹೇಳ್ತೀರಾ ಅಂತಿದ್ದಳು. ಹುರುಳಿ ಬೇಯಿಸಿದ ದಿನ, ಇವತ್ತು ಮನುಷ್ಯರಿಗಾ ಕುದುರೆಗಾ ಅಂತ ಕೇಳುತ್ತಿದ್ದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಮುದ್ದೆ ತಟ್ಟೆಗೆ ಬಂದು ಬೀಳುತ್ತಿತ್ತು. ಒಂದು ಮಾತು ಹೇಳಲೇಬೇಕು, ನಮ್ಮ ಕಡೆಯ ಮುದ್ದೆಯನ್ನು ಅವಳು ಎರಡೇ ತಿಂಗಳಲ್ಲಿ ಗಂಟಿಲ್ಲದೆ ಕಟ್ಟುವುದು ಕಲಿತಳು. ನಾನು ಅವಳ ಕಡೆಯ ಒಂದು ತುತ್ತನ್ನೂ ಬಾಯಿಗಿಟ್ಟಿರಲಿಲ್ಲ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಒಣಮೀನು ಸುಡುವ ದಿನ ಅವಳು ಹಿತ್ತಿಲ ಬೇಲಿಗೆ ಕೆಂಪು ಚೌಕಳಿಯ ಟವಲು ಹಾಕಬೇಕು. ಅದು ಆಫೀಸಿನ ಜಗುಲಿಗೆ ಕಾಣುತ್ತಿತ್ತು. ಟವಲು ಕಂಡರೆ ನಾನು ಇನ್ನೊಂದು ತಾಸು ಕೆಲಸ ಇದೆಯೆಂದು ಅಲ್ಲೇ ಕೂತಿರುತ್ತಿದ್ದೆ. ಗುಟ್ಟು ಎಷ್ಟು ದಿನ ಉಳಿದೀತು? ಲೈನಿನ ಹೆಂಗಸರು ತೋಟಕ್ಕೆ ಹೋಗುವಾಗ ಬರುವಾಗ "ರೈಟರ್ ವೀಟ್ಲ ಕೊಡಿ ಏತ್ತಿಯಾಚ್ಚು" ಎಂದು ತಮಿಳಿನಲ್ಲಿ ಒಬ್ಬರಿಗೊಬ್ಬರು ಕೂಗಿ ಹೇಳಿಕೊಂಡು ನಗುತ್ತಿದ್ದರು. ರೈಟರ ಮನೆಯಲ್ಲಿ ಬಾವುಟ ಏರಿಸಿದ್ದಾರೆ ಅಂತ. ಅವರಲ್ಲಿ ಇಬ್ಬರು ಟವಲು ಕಂಡ ಕೂಡಲೇ ಮೀನಿನ ಚಟ್ನಿಗೆಂದು ತೆಂಗಿನ ಚಿಪ್ಪು ಹಿಡಿದು ನಮ್ಮ ಹಿತ್ತಿಲಿಗೆ ಬರುತ್ತಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಆ ವರ್ಷದ ಕಾಫಿ ಹಣ್ಣಿನ ಪಿಕಿಂಗ್ ಶುರುವಾಗುವ ಹೊತ್ತಿಗೆ ಪಲ್ಪರ್ ಮನೆ ನೋಡಿಕೊಳ್ಳುತ್ತಿದ್ದ ಹಳೆಯ ರೈಟರು ಕೆಲಸ ಬಿಟ್ಟು ಊರಿಗೆ ಹೋದರು. ಎಸ್ಟೇಟಿನ ದೊರೆ ಇಂಗ್ಲಿಷಿನವನು, ಕನ್ನಡ ತಮಿಳು ಎರಡನ್ನೂ ಕಲಸಿ ಮಾತಾಡುತ್ತಿದ್ದ. ನನ್ನನ್ನು ಕರೆಸಿ ಹೇಳಿದ: "ಈ ಸೀಸನ್ ನೀನು ನೋಡು. ಕಾಪಿ ಚೆನ್ನಾಗಿ ಬಂದರೆ ಕೆಲಸ ನಿನಗೆ ಪರ್ಮನೆಂಟ್. ಕಂಪ್ಲೇಂಟ್ ಬಂದರೆ ಇಲ್ಲ. ಆ ಮನೆಯೂ ಇಲ್ಲ." ಅಷ್ಟೇ. ಅವನಿಗೆ ಅದು ಒಂದು ನಿಮಿಷದ ಮಾತು. ನನಗೆ ಅದು ಬದುಕಿನ ಪ್ರಶ್ನೆ. ಮನೆ ಬಿಟ್ಟರೆ ಅಪ್ಪನ ಹೊಲಕ್ಕೇ ವಾಪಸು. ಅಲ್ಲಿ ಆಗಲೇ ಮೂವರು ಅಣ್ಣಂದಿರು, ಅವರ ಹೆಂಡಿರು ಮಕ್ಕಳು ಒಂದೇ ಮಾಡಿನ ಕೆಳಗೆ. ಹೆಂಡತಿಗೆ ಹೇಳಿದೆ. ಅವಳು, ನಮ್ಮದು ಅಂತ ಒಂದು ಒಲೆ ಇಲ್ಲಿ ಮಾತ್ರ ಉಟ್ಟು, ಅದನ್ನ ಕಳಕೊಳ್ಳೋದು ಬೇಡ, ಸರಿಯಾಗಿ ಮಾಡಿ ಅಂದಳು.

ಪಲ್ಪರ್ ಮನೆಯ ಕೆಲಸ ಹೇಳಿದರೆ ಸುಲಭ. ತೋಟದಿಂದ ಬಂದ ಹಣ್ಣನ್ನು ಯಂತ್ರಕ್ಕೆ ಹಾಕಿದರೆ ಸಿಪ್ಪೆ ಬೇರೆ, ಬೀಜ ಬೇರೆ. ಬೀಜಕ್ಕೆ ಲೋಳೆ ಅಂಟಿಕೊಂಡಿರುತ್ತದೆ. ಅದನ್ನು ಸಿಮೆಂಟಿನ ತೊಟ್ಟಿಗೆ ತುಂಬಿ ಹುಳಿಯಲು ಬಿಡಬೇಕು. ಲೋಳೆ ಕರಗಿದ ಮೇಲೆ ತೊಳೆದು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಬೇಕು. ನಮ್ಮಲ್ಲಿ ನಾಲ್ಕು ತೊಟ್ಟಿ. ಬೀಜ ಹುಳಿತದ್ದು ಸಾಕೋ ಬೇಕೋ ಎಂದು ತಿಳಿಯುವುದು ಕೈಯಿಂದ. ಒಂದು ಹಿಡಿ ತೆಗೆದು ಉಜ್ಜಿದರೆ ಹೊಳೆಯ ಸಣ್ಣ ಕಲ್ಲಿನ ಹಾಗೆ ಗರಗರ ಅನ್ನಬೇಕು. ಜಾರಿದರೆ ಇನ್ನೂ ಹೊತ್ತು ಬೇಕು. ಹೊತ್ತು ಮೀರಿತೋ, ಬೀಜ ಕೆಡುತ್ತದೆ. ಕೆಟ್ಟ ಬೀಜ ಒಂದಿಷ್ಟು ಸೇರಿದರೂ ಒಳ್ಳೆಯ ಮೂಟೆಗೆ ನಾತ ಹಿಡಿಯುತ್ತದೆ. ಎರಡನೆಯ ಮಾತು, ಎಸ್ಟೇಟಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದು: ಒಣಗಿದ ಕಾಫಿ ಬೀಜ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಸೀಮೆಣ್ಣೆ ಡಬ್ಬಿ, ಮೆಣಸಿನ ಮೂಟೆ ಯಾವುದನ್ನೂ ಗೋಡೌನಿನ ಹತ್ತಿರ ಬಿಡುತ್ತಿರಲಿಲ್ಲ.

ಎರಡು ತಿಂಗಳು ನಾನು ಪಲ್ಪರ್ ಮನೆಯಲ್ಲೇ ವಾಸ. ಕೊಳೆಯುವ ಸಿಪ್ಪೆಯ ರಾಶಿ, ಹುಳಿಯುವ ಲೋಳೆ, ಕಾಲುವೆಯಲ್ಲಿ ಹರಿಯುವ ಕಂದು ನೀರು. ಮೊದಲ ವಾರ ತಲೆ ಸುತ್ತಿತು, ಎರಡನೆಯ ವಾರಕ್ಕೆ ಏನೂ ಗೊತ್ತಾಗದಾಯಿತು. ಹೊಂದಿಕೊಂಡೆ ಅಂದುಕೊಂಡೆ. ಮೂಗು ಕೆಲಸ ನಿಲ್ಲಿಸಿದೆ ಎಂದು ಹೊಳೆಯಲಿಲ್ಲ, ಏಕೆಂದರೆ ಮನೆಗೆ ಬಂದ ಕೂಡಲೇ ಕಣಿಲೆಯ ವಾಸನೆ ಮಾತ್ರ ಸ್ಪಷ್ಟವಾಗಿ ಸಿಕ್ಕುತ್ತಿತ್ತು. ಅಥವಾ ಸಿಕ್ಕುತ್ತಿದೆ ಎಂದು ನಾನು ನಂಬಿಕೊಂಡಿದ್ದೆ.

ಒಂದು ಬೆಳಿಗ್ಗೆ ದೊರೆ ಕಣಕ್ಕೆ ಬಂದ. ಒಣಗಿದ ಬೀಜದ ಮಾದರಿಯನ್ನು ನಾನು ಒಂದು ಮೊರದಲ್ಲಿ ಹಿಡಿದು ನಿಂತೆ. ಒಂದು ಹಿಡಿ ತೆಗೆದು ಮೂಸಿದ. ಮುಖ ಕಿವುಚಿ ಮತ್ತೊಮ್ಮೆ ಮೂಸಿದ.

"ಏನು ನಾತ ಇದು, ರೈಟರ್? ಲಾರಿ ಬರೋದು ಶುಕ್ರವಾರ. ಈ ಕಾಪಿ ಹೀಗೆ ಹೋದರೆ ವಾಪಸ್ ಬರ್ತದೆ."

ನಾನೂ ಮೂಸಿದೆ. ಹೌದು, ಮಸುಕಾಗಿ ಏನೋ ಇತ್ತು. ಕೆಟ್ಟದ್ದೇ. ಇಂಥದ್ದೇ ಎಂದು ಹೇಳಲಾಗದು, ಆದರೆ ಗುರುತಿನದು. ಬಿಸಿಲಲ್ಲಿ ನಿಂತ ನನ್ನ ತಲೆಗೆ ಎರಡನೆಯ ಯೋಚನೆ ಬರಲಿಲ್ಲ. ಗೋಡೌನಿನಿಂದ ನಾಲ್ಕು ಹೆಜ್ಜೆಗೆ ನನ್ನ ಅಡುಗೆಮನೆ. ಅಲ್ಲಿ ಭರಣಿ. ಅಲ್ಲಿ ಒಣಮೀನಿನ ಹೊಗೆ. ಕಾಫಿ ಹೀರಿಕೊಳ್ಳದೆ ಬಿಡುತ್ತದೆಯೇ?

"ದೊರೆ, ಇದು ನನ್ನ ಮನೆ ಅಡಿಗೆ ವಾಸನೆ ಇರಬೇಕು. ಹೆಂಡತಿ ಬಿದಿರು ಕೊಳೆಹಾಕ್ತಾಳೆ. ಇವತ್ತೇ ನಿಲ್ಲಿಸ್ತೀನಿ" ಅಂದುಬಿಟ್ಟೆ. ತೊಟ್ಟಿ ತೊಳೆಯುವ ಏಳೆಂಟು ಹೆಂಗಸರು ಅಲ್ಲೇ ನಿಂತಿದ್ದರು. ಒಬ್ಬರೂ ನಗಲಿಲ್ಲ.

ಮಧ್ಯಾಹ್ನ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ದೊರೆಗಳ ಹತ್ರ ನನ್ನ ಭರಣಿ ಮೇಲೆ ಹೇಳಿದ್ರಂತೆ."

"ಮತ್ತೇನು ಹೇಳ್ಬೇಕಿತ್ತು? ಕೆಲಸ ಹೋಗ್ತದೆ ಕಣೇ. ನಿನ್ನ ನಾಲಿಗೆ ಚಪಲಕ್ಕೆ ನಾವು ಮನೆ ಬಿಡ್ಬೇಕಾ?"

ಇದು ನಾನು ಆಡಿದ ಮಾತು. ಇಷ್ಟು ವರ್ಷವಾದ ಮೇಲೂ ಬರೆಯುವಾಗ ನಾಚಿಕೆಯಾಗುತ್ತದೆ. ಅವಳು ಎದ್ದುಹೋಗಿ ಭರಣಿಯ ಬಾಯಿಯ ಬಟ್ಟೆಯನ್ನು ಇನ್ನಷ್ಟು ಬಿಗಿದು ಪಕ್ಕಕ್ಕೆ ಸರಿದು ನಿಂತಳು. ನಾನೇ ಅದನ್ನು ತಬ್ಬಿ ಎತ್ತಿಕೊಂಡು ಹಿತ್ತಿಲ ಕೊನೆಯ ಸೌದೆ ಕೊಟ್ಟಿಗೆಯಲ್ಲಿ ಇಟ್ಟುಬಂದೆ. ಒಣಮೀನಿನ ಗಂಟನ್ನು ಅವಳು ಲೈನಿನ ಹೆಂಗಸರಿಗೆ ಕೊಟ್ಟುಬಿಟ್ಟಳು.

ಅವತ್ತು ಸಂಜೆ ಮನೆಯಲ್ಲಿ ಯಾವ ವಾಸನೆಯೂ ಇರಲಿಲ್ಲ. ತಿಳಿಸಾರು, ಅನ್ನ. ಒಗ್ಗರಣೆಯನ್ನೂ ಹಾಕಿರಲಿಲ್ಲ. ನಾನು ಆರು ತಿಂಗಳಿಂದ ಬೇಡಿಕೊಂಡದ್ದು ಅದೇ. ಉಣ್ಣಲು ಕೂತರೆ ಯಾರದೋ ಮನೆಗೆ ನೆಂಟನಾಗಿ ಬಂದ ಹಾಗಾಯಿತು. ಅವಳ ತಟ್ಟೆಯಲ್ಲಿ ಬರೀ ಗಂಜಿ, ಪಕ್ಕಕ್ಕೆ ಒಂದು ಕಲ್ಲುಪ್ಪು.

ಮಾರನೆಯ ದಿನ ಹೊಸದಾಗಿ ಒಣಗಿದ ಬೀಜ ಮೂಸಿದೆ. ಅದೇ ನಾತ. ವಾಸನೆ ಅಡುಗೆಮನೆಯ ಗೋಡೆಗೇ ಹಿಡಿದಿದೆ ಎಂದು ತೀರ್ಮಾನಿಸಿ, ಒಬ್ಬ ಆಳನ್ನು ಕರೆದು ಒಳಗೂ ಹೊರಗೂ ಸುಣ್ಣ ಬಳಿಸಿದೆ. ಗೋಡೆ ಬೆಳ್ಳಗಾಯಿತು, ಕಾಫಿ ಹಾಗೇ ನಾರಿತು. ಮೂರನೆಯ ದಿನ ಒಲೆಯ ಬೂದಿಯನ್ನೂ ತೆಗೆಸಿ ಹೊರಗೆ ಹಾಕಿಸಿದೆ. ಅವಳು ಇದನ್ನೆಲ್ಲ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಭರಣಿ ಹೊರಗೆ ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟಳು.

"ಗೋಡೆಗೆ ಆತ್, ಒಲೆಗೆ ಆತ್. ಇನ್ನು ಉಳಿದದ್ದು ನಾನು. ಸುಣ್ಣ ಮಿಕ್ಕಿ ಉಟ್ಟಾ?"

ನನಗೆ ನಗು ಬರಲಿಲ್ಲ. ನಾಳೆ ಶುಕ್ರವಾರ. ಮೊರವನ್ನು ಜಗುಲಿಯ ಮೇಲೆ ಇಟ್ಟು, ತಲೆಮೇಲೆ ಕೈಹೊತ್ತು ಕೂತೆ. ಇನ್ನು ಏನು ಮಾಡಬೇಕೋ ಗೊತ್ತಾಗ್ತಾ ಇಲ್ಲ ಅಂದೆ. ಆ ಮಾತನ್ನು ಅವಳಿಗೆ ಹೇಳಿದ್ದೋ ಮೊರಕ್ಕೆ ಹೇಳಿದ್ದೋ ನನಗೇ ತಿಳಿಯದು.

ಅವಳು ಬಂದು ಎದುರಿಗೆ ಕೂತಳು. ಮೊರದಿಂದ ಒಂದು ಹಿಡಿ ಬೀಜ ತೆಗೆದು ಅಂಗೈಯಲ್ಲಿ ಬಿಸಿಯಾಗುವ ಹಾಗೆ ಉಜ್ಜಿದಳು. ಮೂಗಿನ ಹತ್ತಿರ ತಂದಳು. ಕಣ್ಣು ಮುಚ್ಚಿ ಇನ್ನೊಮ್ಮೆ ತಂದಳು.

"ಇದು ಕಣಿಲೆ ಅಲ್ಲ."

"ಮತ್ತೆ?"

"ಕಣಿಲೆದು ಹುಳಿ ವಾಸನೆ. ಇದರಲ್ಲಿ ಹುಳಿ ಇಲ್ಲೆ, ಇದು ಕೊಳೆತದ್ದು. ಹುಳಿ ಬಂದದ್ದು ಬೇರೆ, ಹಾಳಾದ್ದು ಬೇರೆ. ನಿಮಗೆ ಎರಡೂ ಒಂದೇ ಅಲ್ಲದಾ?" ಬೀಜವನ್ನು ಮೊರಕ್ಕೆ ಸುರಿದು ಕೇಳಿದಳು: "ಬೀಜ ಎಲ್ಲಿ ಹುಳಿ ಬರಿಸೋದು? ತೋರಿಸಿ."

ರೈಟರ ಹೆಂಡತಿ ಪಲ್ಪರ್ ಮನೆಗೆ ಇಳಿಯುವ ಪದ್ಧತಿ ಇರಲಿಲ್ಲ. ಅದನ್ನು ಯೋಚಿಸುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಮುಂದೆಯೇ ನಡೆದಳು. ತೊಟ್ಟಿಯ ಹೆಂಗಸರು ಪೊರಕೆ ಹಿಡಿದು ಹಾಗೇ ನಿಂತರು. ಮೊದಲನೆಯ ತೊಟ್ಟಿಗೆ ಬಗ್ಗಿ ಮೂಸಿದಳು, ಸರಿ ಉಟ್ಟು ಅಂದಳು. ಎರಡನೆಯದು, ಮೂರನೆಯದು, ಇನ್ನೂ ಒಂದು ಗಳಿಗೆ ಬೇಕು ಅಂದಳು. ನಾನು ಕೈಯಲ್ಲಿ ಉಜ್ಜಿ ನೋಡಿದೆ, ಜಾರಿತು. ಅವಳು ಹೇಳಿದ್ದು ಸರಿಯಾಗಿತ್ತು. ನಾಲ್ಕನೆಯದು ಆಗತಾನೆ ಖಾಲಿ ಮಾಡಿ ತೊಳೆದ ತೊಟ್ಟಿ. ಅದರ ಅಂಚಿಗೆ ಬಗ್ಗಿದವಳು ಹಾಗೇ ಹಿಂದೆ ಸರಿದಳು.

"ಇದರಲ್ಲಿ ಎಂತದೋ ಸತ್ತು ಉಟ್ಟು."

"ಖಾಲಿ ತೊಟ್ಟಿ ಕಣೇ ಅದು. ಈಗ ತೊಳೆದಿದ್ದು."

"ಆ ಹಲಗೆ ಎತ್ತಿ ತೊಳೆದ್ರಾ?"

ತೊಟ್ಟಿಯ ತಳದಲ್ಲಿ ನೀರು ಹೋಗುವ ಕಂಡಿಗೆ ಅಡ್ಡವಾಗಿ ಒಂದು ಹಲಗೆ ಇರುತ್ತದೆ. ಹಳೆಯ ರೈಟರು ಹೋಗುವಾಗ ನನಗೆ ಹೇಳಿದ್ದರು, ಪ್ರತಿಸಲ ಹಲಗೆ ಎತ್ತಿ ಹಿಂದೆ ಕೈಹಾಕಿ ತೊಳೆಸು ಎಂದು. ನಾಲ್ಕನೆಯ ತೊಟ್ಟಿಯ ಹಲಗೆ ನೀರು ಕುಡಿದು ಉಬ್ಬಿ ಬಿಗಿಯಾಗಿತ್ತು. ಅದನ್ನು ಎತ್ತಲು ಇಬ್ಬರು ಆಳು ಬೇಕು, ಅರ್ಧ ತಾಸು ಬೇಕು. ಹಣ್ಣು ರಾಶಿ ಬಿದ್ದಿರುವಾಗ ಯಾರಿಗಿದೆ ಪುರುಸೊತ್ತು? ಪೊರಕೆ ಹಾಕಿ ನೀರು ಬಿಟ್ಟರೆ ಸಾಕು ಎಂದು ಅಪ್ಪಣೆ ಕೊಟ್ಟವನು ನಾನೇ.

ಇಬ್ಬರನ್ನು ಕರೆದು ಹಲಗೆ ಎತ್ತಿಸಿದೆ. ಹಿಂದಿನ ಸಂದಿಯಲ್ಲಿ ಅವಳೇ ಕೈಹಾಕಿ ಒಂದು ಹಿಡಿ ಹೊರತೆಗೆದಳು. ಕಪ್ಪಗೆ ಕೊಳೆತು ಮುದ್ದೆಯಾದ ಬೀಜ. ವಾರಗಟ್ಟಲೆ ಹಳೆಯದು. ಪ್ರತಿಸಲ ಹೊಸ ಬೀಜ ತುಂಬಿದಾಗ ಅದರ ರಸ ಇಳಿಯುತ್ತಿತ್ತು, ಒಂದಿಷ್ಟು ಬೀಜವೂ ಕಿತ್ತು ಸೇರುತ್ತಿತ್ತು. ಅಷ್ಟು ಹತ್ತಿರ ಹಿಡಿದಾಗ ನನ್ನ ಸತ್ತ ಮೂಗಿಗೂ ಅದು ತಾಕಿತು. ನಾನು ಗೋಡೆ ಹಿಡಿದು ಕೂತೆ.

"ಭರಣಿಯಲ್ಲಿ ಹಳೇದು ಒಂದು ಚೂರು ಉಳಿದ್ರೂ ಹೊಸದು ಪೂರಾ ಹಾಳಾಗ್ತದೆ" ಅಂದಳು ಅವಳು, ಕೈ ತೊಳೆಯುತ್ತ. "ಅದಕ್ಕೆ ನಾವು ಭರಣಿ ತೊಳೆದು, ಬಿಸಿಲಿಗಿಟ್ಟು, ಮೂಸಿ ನೋಡಿದ ಮೇಲೆ ತುಂಬೋದು. ನಿಮ್ಮದು ದೊಡ್ಡ ಭರಣಿ, ಅಷ್ಟೇ."

ಹೆಂಗಸರು ಈಗ ನಕ್ಕರು, ಮೂರು ದಿನ ತಡೆದಿಟ್ಟುಕೊಂಡದ್ದೆಲ್ಲ ಸೇರಿ.

ಒಂದೊಂದು ತೊಟ್ಟಿಯ ಬೀಜವನ್ನೂ ಕಣದ ಬೇರೆ ಬೇರೆ ಪಟ್ಟಿಯಲ್ಲಿ ಒಣಗಿಸಿ ಬೇರೆಯೇ ಮೂಟೆ ಕಟ್ಟುವುದು ನಮ್ಮಲ್ಲಿ ರೂಢಿ. ಅದು ನನ್ನನ್ನು ಉಳಿಸಿತು. ಅವತ್ತು ಹೊತ್ತು ಮುಳುಗುವವರೆಗೆ ಮೂಟೆಗಳ ಬಾಯಿ ಬಿಚ್ಚಿ ನೋಡಿದೆವು. ನನ್ನ ಮೂಗನ್ನು ನಾನೇ ನಂಬುತ್ತಿರಲಿಲ್ಲ, ಹಾಗಾಗಿ ಒಂದೊಂದು ಮೂಟೆಯಿಂದಲೂ ಹಿಡಿ ಬೀಜ ಅವಳ ಕೈಗೆ ಕೊಟ್ಟೆ. ಅವಳು ಮೂಸಿ ಈ ಕಡೆ, ಆ ಕಡೆ ಎಂದು ಕೈ ತೋರಿಸಿದಳು. ಕೆಟ್ಟದ್ದನ್ನು ಬೇರೆ ಇಟ್ಟೆವು. ತೊಟ್ಟಿಗೆ ಸುಣ್ಣ ಬಳಿಸಿದೆ. ಈ ಸಲ ಸುಣ್ಣ ಬೀಳಬೇಕಾದ ಜಾಗಕ್ಕೇ ಬಿತ್ತು.

ಬೆಳಿಗ್ಗೆ ಲಾರಿಯ ಮುಂಚೆಯೇ ದೊರೆ ಬಂದ. ಎರಡು ಮೂಟೆ ಬಿಚ್ಚಿಸಿ ಮೂಸಿದ. ಮೂರನೆಯದನ್ನೂ ಬಿಚ್ಚಿಸಿದ. ಬೇರೆ ಇಟ್ಟ ಮೂಟೆ ಯಾಕೆ ಅಂತ ಕೇಳಿದ. ಹಲಗೆಯ ವಿಷಯ, ನಾನು ಕೊಟ್ಟ ಅಪ್ಪಣೆಯ ವಿಷಯ ಹೇಳಿದೆ. ಮುಖ ಕೆಂಪಾಯಿತು, ಬೈದ. ಬೈದು ಮುಗಿಸಿ, "ಆದರೂ ಸರಿ. ಕಂಡುಹಿಡಿದೆ. ನಿನಗೆ ಒಳ್ಳೆ ಮೂಗು ಇದೆ, ರೈಟರ್" ಅಂದ.

ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರೋಣ ಎಂದು ಅನ್ನಿಸಿತ್ತು ಕೂಡ, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ಏಳೆಂಟು ಹೆಂಗಸರು ಅದೇ ಜಾಗದಲ್ಲಿ ನಿಂತು ನನ್ನ ಬಾಯಿ ನೋಡುತ್ತಿದ್ದರು. ಅವತ್ತು ಅವರೆದುರೇ ಅವಳ ಮೇಲೆ ಹಾಕಿದ್ದೆ.

"ಮೂಗು ನಂದಲ್ಲ ದೊರೆ. ನನ್ನ ಹೆಂಡತಿದು. ಅವಳ ಅಡಿಗೆ ಮೇಲೆ ನಾನು ಹೇಳಿದ್ದು ತಪ್ಪು. ನನ್ನ ತೊಟ್ಟಿ ನಾರ್ತಾ ಇತ್ತು, ಅವಳ ಭರಣಿ ಅಲ್ಲ."

ದೊರೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಾಗಾದರೆ ಸೀಸನ್ ಮುಗಿಯೋವರೆಗೆ ದಿನಾ ಅವಳನ್ನ ಕೇಳು, ಆಮೇಲೆ ತೊಟ್ಟಿ ತುಂಬು" ಅಂದು ಕಾರು ಹತ್ತಿದ. ಲಾರಿ ತುಂಬಿ ಹೋಯಿತು. ಆ ಕಾಫಿಯ ಮೇಲೆ ದೂರು ಬರಲಿಲ್ಲ. ಕೆಲಸವೂ ಉಳಿಯಿತು, ಮನೆಯೂ ಉಳಿಯಿತು.

ಅವತ್ತು ಸಂಜೆ ಬೇಗ ಮನೆಗೆ ಬಂದೆ. ನೇರ ಸೌದೆ ಕೊಟ್ಟಿಗೆಗೆ ಹೋಗಿ ಭರಣಿ ಎತ್ತಿಕೊಂಡು ಬಂದು ಅಡುಗೆಮನೆಯ ಮೂಲೆಯಲ್ಲಿ ಇಟ್ಟೆ. ಅವಳು ನೋಡಿದಳು. ಒಂದು ಬಟ್ಟಲು ಕಣಿಲೆ ತೆಗೆದು ನೀರಿನಲ್ಲಿ ಹಿಂಡಿ ಹಿಂಡಿ ತೊಳೆದಳು. ಒಲೆಯ ಮೇಲೆ ತೆಂಗಿನೆಣ್ಣೆ ಕಾಯಿತು, ಸಾಸಿವೆ ಸಿಡಿಯಿತು. ನಾನು ಬಾಗಿಲ ಬಳಿ ಕೂತೆ. ಕ್ಷಮೆ ಕೇಳುವ ಅಭ್ಯಾಸ ನಮ್ಮ ಕಡೆಯ ಗಂಡಸರಿಗೆ ಇಲ್ಲ. ಆದರೂ ಕೇಳಿದೆ, ನಿನ್ನ ಮೇಲೆ ಹಾಕಬಾರದಿತ್ತು, ತಪ್ಪಾಯ್ತು ಅಂದೆ. ಆಯ್ತು ಬಿಡಿ ಅಂದಳು.

ನನಗೆ ಒಂದು ಮಾತು ಬಗೆಹರಿದಿರಲಿಲ್ಲ. "ಅಲ್ಲಾ, ಮೊರದಲ್ಲಿದ್ದ ಒಣಗಿದ ಬೀಜ ಮೂಸಿ, ತೊಟ್ಟೀಲಿ ಕೊಳೆತದೆ ಅಂತ ನಿಂಗೆ ಅಷ್ಟು ಬೇಗ ಹೆಂಗೆ ಗೊತ್ತಾಯ್ತು?"

ಅವಳು ಸೌಟು ಆಡಿಸುತ್ತಲೇ ಹೇಳಿದಳು: "ಬೇಗ ಎಂತ? ಒಂದು ತಿಂಗಳಿಂದ ಅದೇ ನಾತ ನಿಮ್ಮ ಮೈಯಲ್ಲಿ ಉಟ್ಟು. ಅಂಗಿಲಿ, ತಲೆಕೂದಲಲ್ಲಿ, ಹೊದಿಯುವ ಕಂಬಳಿಯಲ್ಲಿ. ಅಂಟುವಾಳ ಹಾಕಿ ಮೂರು ಮೂರು ಸಲ ಒಗೀತೇನೆ, ಹೋಗೋದಿಲ್ಲ."

ನಾನು ಕೂತಲ್ಲೇ ನನ್ನ ತೋಳು ಮೂಸಿ ನೋಡಿಕೊಂಡೆ. ನನಗೆ ಏನೂ ಗೊತ್ತಾಗಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತವನು ನಾನು. ಅವಳು ಒಂದು ತಿಂಗಳು ಆ ಕಂಬಳಿಯನ್ನೇ ಹೊದ್ದು ಮಲಗಿದ್ದಳು.

"ಒಂದು ದಿನ ಆದ್ರೂ ಹೇಳಬಾರದಿತ್ತಾ?"

"ಹೇಳಿ ಎಂತ ಮಾಡೋದು? ಎತ್ತಿ ಹೊರಗೆ ಇಟ್ಟುಬರೋಕೆ ನೀವೇನು ಭರಣಿಯಾ?"

ಕಣ್ಣು ಹನಿಗೂಡಿತು, ಒಗ್ಗರಣೆಯ ಹೊಗೆ ಎಂದು ಒರೆಸಿಕೊಂಡೆ. ಅವಳು ತಟ್ಟೆ ಹಾಕಿದಳು, ಎರಡು, ಪಕ್ಕಪಕ್ಕಕ್ಕೆ. ಎರಡಕ್ಕೂ ಕಣಿಲೆ ಪಲ್ಯ ಬಡಿಸಿದಳು.

"ಈಗಲೂ ಇದೆಯಾ ನಾತ?" ಎಂದು ಕೇಳಿದೆ.

"ಉಟ್ಟು" ಅಂದಳು. "ಉಣ್ಣೋಕೆ ಬನ್ನಿ."